ಹೊಟ್ಟಿ ಸೀಳದ ಷ

"ಓದಾಕ ಬರೂದಿಲ್ಲೇನು?" ಅಂದ ರೈಲ್ವೆ ಪೊಲೀಸ.
ಬರಿಯಾಕ ಬರತೈತ್ರಿ, ಅಂದೆ.
ಸೊಕ್ಕಿನ ಮಾತಂತ ತಿಳದ.
ಸೊಕ್ಕಲ್ಲ. ಗದಗ ರೋಡಿನ ವರ್ಕಶಾಪಿನ ಗೇಟಿನ್ಯಾಗ
ಆ ಬೋರ್ಡು ಬರದಾಂವ ನಾನ.

ತೊಂಬತ್ತಾರನೇ ಇಸವಿ, ಎಳ್ಳಮವಾಸಿ ಮುಂದ.
ಮೊದಲನೇ ದಿನ ತುಕ್ಕು ಕೆರದು ರೆಡಾಕ್ಸೈಡು,
ಎರಡನೇ ದಿನ ಹಳದಿ, ಎರಡು ಕೈ.
ಮರುದಿನ ದಾರಕ್ಕ ಸೀಮಿಸುಣ್ಣ ತಿಕ್ಕಿ
ಆ ತುದಿ ಈ ತುದಿ ಜಗ್ಗಿ ಹಿಡದು
ಟಪ್ ಅಂತ ಬಿಟ್ಟರ ಬೀಳತೈತಿ ನೋಡ್ರಿ ಗೆರಿ,
ಅದರಮ್ಯಾಲೆ ಅಕ್ಷರ ಕುಂಡ್ರಸೂದು:

ಇಲ್ಲಿ ಫೋಟೋ ತೆಗೆಯುವುದನ್ನು.

ಕೆಳಗೊಂದು ಕ್ಯಾಮೆರಾ, ಅದಕ್ಕ ಕೆಂಪು ಅಡ್ಡಗೆರಿ.
ಕ್ಯಾಮೆರಾ ನಾ ಕೈಯಾಗ ಹಿಡದಾಂವಲ್ಲ.
ಮಂಟೂರ ರೋಡಿನ ಕಬಾಡೆಯವರ ಸ್ಟುಡಿಯೋದಾಗ
ಗಾಜಿಗೆ ಮೂಗು ಹಚ್ಚಿ ನೋಡಿ ನೋಡಿ
ಬೀಡಿಕಟ್ಟಿನ ಕಾಗದದಮ್ಯಾಲೆ ನಕಲು ಇಳಿಸಿದ್ದೆ.
ಎಷ್ಟು ಚಂದ ಬಂತಂದರ
ಅದರಮ್ಯಾಲೆ ಕೆಂಪು ಎಳಿಯಾಕ ಕೈ ಏಳವಲ್ಲದು.
ಎಳದೆ. ಪಗಾರದ ಕೆಲಸ.
ಮೂಲ್ಯಾಗ, ಹೆಬ್ಬಟ್ಟಿನಷ್ಟು ಜಾಗದಾಗ:
ಯಮನೂರ ಆರ್ಟ್ಸ್, ಹಳೇಹುಬ್ಬಳ್ಳಿ.

ಈಗ ಫ್ಲೆಕ್ಸು. ಸೋಮವಾರ ನನ್ನ ಬೋರ್ಡು ಇಳಸ್ತಾರಂತ,
ಗ್ಯಾಸ್ ಕಟರಿನಿಂದ ಕಾಲು ಕೊಯ್ದು ಗುಜರಿಗೆ.
ವೆಲ್ಡರ್ ಮಾಬುಸಾಬ ಹೇಳಿದ.
ಒಂದು ಫೋಟೋ ಇರಲಿ ಅಂತ
ಮೊಮ್ಮಗಳ ಮೊಬೈಲ ಇಸಗೊಂಡು ಬಂದಿದ್ದೆ.
ಎಲ್ಲಿ ಒತ್ತಬೇಕಂತ ತೋರಿಸಿದ್ಲು,
"ಬೆರಳು ನಡಗಬಾರದು ಅಜ್ಜಾ" ಅಂದ್ಲು.
ನನಗ ಹೇಳತಾಳ, ಬೆರಳಿನ ಸುದ್ದಿ!

ಪೊಲೀಸ ಸಣ್ಣ ಹುಡುಗ. ಎದಿಮ್ಯಾಲೆ ಹೆಸರು: ಹೊಸಮನಿ.
"ಡಿಲೀಟ್ ಮಾಡು ಅಜ್ಜಾ. ರೂಲ್ಸ್ ಐತಿ.
ಅಕಾ, ಅಲ್ಲೆ ಬರದಾರ."
ಬರದಾರ ಅಲ್ಲೋ ತಮ್ಮಾ, ಬರದೇನಿ.
ನೆಟ್ಟಗ ಓದು. ಅದು ನಿಷೇಧ ಅಲ್ಲ.
ನಿಪೇಧ.

ಷ ಅಂದರ ಏನು? ಹೊಟ್ಟಿ ಸೀಳಿದ ಪ.
ಸೀಳೂದು ಕಡೀ ಕೆಲಸ, ಸಣ್ಣ ಬ್ರಶ್ಶಿಂದ.
ಅಷ್ಟರಾಗ ಹೊತ್ತು ಮುಳುಗಿತು,
ಬಾಡಿಗಿ ನಿಚ್ಚಣಿಕಿ ವಾಪಸ್ ಒಯ್ಯಬೇಕಿತ್ತು.
ನಾಳೆ ಸೀಳಿದರಾತು ಅಂತ ಇಳದೆ.
ನಾಳೆ ಆಫೀಸಿನ್ಯಾಗ ಅಂದರು: ನಿನ್ನ ಬಾಕಿ
ನೂರಾನಲವತ್ತು, ಮುಂದಿನ ತಿಂಗಳ ಬಾ.
ಮುಂದಿನ ತಿಂಗಳಿಗೆ ಸಾಹೇಬರು ಬದಲಿ.
ಆ ನೂರಾನಲವತ್ತು ಕೈಗೆ ಬೀಳೂತನಕ
ಆ ಹೊಟ್ಟಿಗೆ ಗೆರಿ ಹಾಕೂದಿಲ್ಲ ಅಂತ ಹಟ ಹಿಡದೆ.
ಬೀಳಲಿಲ್ಲ. ಹಾಕಲಿಲ್ಲ.

ಇಪ್ಪತ್ತೆಂಟು ವರ್ಷ
ಎಷ್ಟು ಮಂದಿ ಅಂಜಿದರು ಈ ತಗಡಿಗೆ!
ಯಾರದೋ ರೋಲು ಎಳದು ಬಿಸಿಲಿಗೆ ಹಿಡದರು.
ಹಳೇ ಉಗಿಬಂಡಿ ಮುಂದ ನಿಂತಿದ್ದ ಮದುಮಕ್ಕಳನ್ನ
ಅರಿಷಿಣ ಆರೂದರಾಗ ಹೊಳ್ಳಿಸಿ ಕಳಿಸಿದರು.
ಕಾಲೇಜಿನ ಹುಡುಗರನ್ನ ಸಂಜೀತನಕ ಕುಂಡ್ರಿಸಿ
ಅಪ್ಪಂದಿರನ್ನ ಕರಿಸಿದರು.
ಒಬ್ಬನರೆ ಓದಬಾರದೇನು?

ಹೊಸಮನಿ ತುಟಿ ಅಲ್ಲಾಡಿಸಿಕೋತ ಓದಿದ.
ಮತ್ತೊಮ್ಮೆ ಓದಿದ.
ಬಂದ ನಗೀನ್ನ ಮೀಸಿ ತಿಕ್ಕಿ ಮುಚ್ಚಿದ.
"ಆದರೂ ಅಳಸು ಅಜ್ಜಾ. ಮ್ಯಾಲೆ ಕ್ಯಾಮೆರಾ ಅದಾವ,
ನನ್ನ ನೌಕರಿ."

ಅಳಸೂದಂದರ ನಮಗ ಸೀಮಿಎಣ್ಣಿ, ಅರಿವಿ ತುಂಡು,
ಕಡೀಕ ಉಗರು. ಇದರಾಗ ಹೆಂಗ?
ಅವನ ಒತ್ತಿ ಅಳಿಸಿದ, ಮೊಬೈಲ ಕೈಗೆ ಕೊಟ್ಟ.
ವಾಸನಿ ಸೈತ ಬರಲಿಲ್ಲ.

ಕಂಬದ ಮ್ಯಾಲಿನ ಕ್ಯಾಮೆರಾ ಬೋರ್ಡಿನ ಕಡೇನ ಮುಖ ಮಾಡಿತ್ತು.
ಅದಕ್ಯಾರ ಪರವಾನಗಿ ಕೇಳಲಿಲ್ಲ.
"ಅದು ಎಷ್ಟು ದಿನ ಇಟ್ಟಕೊಂತೈತಿ?"
"ತಿಂಗಳಾದರ ಹೋಗತೈತಿ."
ತಿಂಗಳಾ!
ಸೋಮವಾರಕ್ಕಿಂತ ಅದ ಪಾಡು.

ಟೊಪಗಿ ತಗದೆ,
ಕೂದಲಕ್ಕ ಅಂಗೈ ಸವರಿಕೊಂಡೆ,
ಬೋರ್ಡಿನ ಬಾಜೂಕ ಹೋಗಿ ನೆಟ್ಟಗ ನಿಂತೆ.
ಹೊಸಮನಿ, ಯಾರೂ ಹೇಳದ,
ಒಂದು ಹೆಜ್ಜಿ ಬದಿಗೆ ಸರದ.